ಗೋವಾದಲ್ಲಿ ಹಿತ್ತಲಲ್ಲಿ ಆರು ಕೋಳಿ ಸಾಕಬೇಕು. ಹಾವು, ಮುಂಗುಸಿ, ರೋಗ ತಡೆಯೋದು ಹೇಗೆ?

ಮಾಪುಸಾ ಹತ್ತಿರ ಬಾಡಿಗೆ ಮನೆ, ಹಿಂದೆ ಹಿತ್ತಲು, ಆರು ಕೋಳಿ. ಗಟ್ಟಿ ಗೂಡು ಹೇಗೆ ಕಟ್ಟಬೇಕು, ರೋಗ ಬರದ ಹಾಗೆ ಯಾವ ಟಾನಿಕ್ ಕೊಡಬೇಕು ಅಂತ ಕೇಳಿದ್ದೀರಿ. ಪ್ರಶ್ನೆಯ ಮುಕ್ಕಾಲು ಭಾಗ ಹಾವು, ಮುಂಗುಸಿಯದ್ದೇ ಆಗಿದೆ. ಧಾರವಾಡ ಬಿಟ್ಟು ಪೋಂಡಾಕ್ಕೆ ಬಂದಾಗ ನನ್ನ ತಲೆಯಲ್ಲೂ ಇದೇ ತುಂಬಿತ್ತು.

ಆಗ ಇದ್ದಬದ್ದ ದುಡ್ಡನ್ನೆಲ್ಲ ಗೂಡಿಗೇ ಸುರಿದೆ. ಆ ಗೂಡಿಗೆ ಇವತ್ತಿನವರೆಗೂ ಒಂದು ಮುಂಗುಸಿ ನುಗ್ಗಿಲ್ಲ. ಆದರೆ ಅದೇ ಗೂಡಿನೊಳಗೆ, ಒಂದು ಮಳೆಗಾಲದಲ್ಲಿ, ಮೂರು ಬಿಟ್ಟು ಉಳಿದ ಕೋಳಿಗಳೆಲ್ಲ ಸತ್ತವು. ಕೊಕ್ಕರೆ ರೋಗ. ಇಲ್ಲಿ ಎಲ್ಲರೂ ರಾಣಿಖೇತ್ ಅಂತಾರೆ.

ಮೊದಲು ಬಿದ್ದದ್ದು ಒಂದು ಕಂದು ಹೇಂಟೆ. ಮೂಲೆಯಲ್ಲಿ ಮುದುಡಿ ಕೂತು ಬಾಯಿ ತೆರೆದು ಉಸಿರಾಡುತ್ತಿತ್ತು. ಹಿಕ್ಕೆ ಹಸಿರು ನೀರಾಗಿತ್ತು. ಆಮೇಲೆ ಕತ್ತು ಒಂದು ಕಡೆಗೆ ತಿರುಚಿಕೊಂಡಿತು. ಮುಂದೆ ನುಚ್ಚು ಹಾಕಿದೆ. ಅದಕ್ಕೆ ಹಸಿವಿತ್ತು, ನುಚ್ಚು ಕಾಣಿಸುತ್ತಲೂ ಇತ್ತು. ಆದರೆ ಕುಕ್ಕಿದ್ದು ಮಾತ್ರ ಪಕ್ಕದ ಬರೀ ನೆಲವನ್ನು. ಮತ್ತೆ ಕುಕ್ಕಿತು, ಮತ್ತೆ ತಪ್ಪಿತು. ಅದನ್ನು ನೋಡುತ್ತಾ ಕೂತಿದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ, ಯಾಕೆಂದರೆ ಈ ರೋಗಕ್ಕೆ ನಾನೇ ಲಸಿಕೆ ಕೊಟ್ಟಿದ್ದೆ.

ಸತ್ತ ಕೋಳಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದೆ. ಲಸಿಕೆ ಹಾಕಿದ್ದೇನೆ ಅಂದೆ. ಡಾಕ್ಟರು ಒಂದೇ ಮಾತು ಕೇಳಿದರು, "ಯಾವ ನೀರಲ್ಲಿ ಕಲಸಿದಿರಿ?"

ನಳದ ನೀರಲ್ಲಿ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮರಿಗಳಿಗೆ ಕೊಡುವ ಲಸೋಟಾ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್. ರೋಗ ತರುವಷ್ಟು ಜೋರಿಲ್ಲದ, ಸೌಮ್ಯ ತಳಿಯ ವೈರಸ್. ಅದು ಕೋಳಿಯ ಮೈಯೊಳಗೆ ಹೋಗಿ ಬೆಳೆದರೆ ಮಾತ್ರ ಕೋಳಿಗೆ ಶಕ್ತಿ ಬರುತ್ತದೆ. ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನೀರಿನಲ್ಲಿರುವ ರೋಗಾಣುಗಳು ಸಾಯಲಿ ಅಂತಲೇ ಹಾಕುವುದು. ಆ ಕ್ಲೋರಿನ್‌ಗೆ ಕಾಯಿಲೆಯ ರೋಗಾಣು ಯಾವುದು, ಲಸಿಕೆಯ ವೈರಸ್ ಯಾವುದು ಅಂತ ಗೊತ್ತಾಗುತ್ತದೆಯೇ? ಎರಡನ್ನೂ ಕೊಲ್ಲುತ್ತದೆ. ನನ್ನ ಕೋಳಿಗಳು ಕುಡಿದದ್ದು ಸತ್ತ ಲಸಿಕೆಯನ್ನು.

ನಾನು ಅಸಡ್ಡೆ ಮಾಡಿದವನೂ ಅಲ್ಲ. ಥರ್ಮಾಸ್‌ನಲ್ಲಿ ಐಸ್ ತುಂಬಿ ಲಸಿಕೆ ತಂದಿದ್ದೆ. ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕು ಅಂದಿದ್ದರು, ಹಾಗೇ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಹಿತ್ತಲಲ್ಲಿ ಬಾವಿ ಇತ್ತು. ಆದರೆ ಮಳೆಗೆ ಬಾವಿ ನೀರು ಕೆಂಪಾಗಿತ್ತು, ಔಷಧಕ್ಕೆ ಶುದ್ಧ ನೀರೇ ಬೇಕಲ್ವಾ ಅಂದುಕೊಂಡು ನಳ ತಿರುಗಿಸಿದೆ. ಸುಮ್ನೆ ಒಂದು ಕೈ ಆಡಿಸಿದ್ದು, ಅಷ್ಟೇ. ಅಲ್ಲಿಯವರೆಗೆ ಮಾಡಿದ್ದೆಲ್ಲ ಆ ಒಂದು ನಿಮಿಷದಲ್ಲಿ ಹೋಯಿತು. ಕಾಯಿಸಿ ಆರಿಸಿದ ಬಾವಿ ನೀರು ಸಾಕಿತ್ತು. ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದೂ ಬೇಡ. ನಳದ ನೀರು ಬಿಟ್ಟು ಬೇರೆ ಗತಿಯೇ ಇಲ್ಲ ಅಂದರೆ ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಲಸಿಕೆ ಹಾಕಬೇಕು. ಹಾಲಿನ ಪುಡಿ ಕ್ಲೋರಿನ್‌ನ ಕೆಲಸ ನಿಲ್ಲಿಸುತ್ತದೆ. ಪ್ಲಾಸ್ಟಿಕ್ ಪಾತ್ರೆ ಇರಲಿ, ಲೋಹದ್ದು ಬೇಡ, ಸೋಪು ಹಾಕಿ ತೊಳೆದದ್ದೂ ಬೇಡ. ಕೊಡುವ ಮೊದಲು ಒಂದೆರಡು ಗಂಟೆ ನೀರು ತೆಗೆದಿಟ್ಟು ಬಾಯಾರಿಸಿದರೆ ಎಲ್ಲವೂ ಬೇಗ ಕುಡಿಯುತ್ತವೆ.

ನಿಮಗಂತೂ ನೀರಿನಲ್ಲಿ ಕೊಡುವ ಗೋಜೇ ಬೇಡ. ಆರೇ ಕೋಳಿ ತಾನೇ. ಒಂದೊಂದನ್ನೇ ಹಿಡಿದು ಕಣ್ಣಿಗೆ ಒಂದು ಹನಿ ಹಾಕಿ, ಅದು ಕಣ್ಣು ಮಿಟುಕಿಸುವವರೆಗೆ ಬಿಡಬೇಡಿ. ಯಾವುದು ಕುಡಿಯಿತು, ಯಾವುದು ಬಿಟ್ಟಿತು ಅನ್ನುವ ಅನುಮಾನವೇ ಇರುವುದಿಲ್ಲ. ಮರಿಗೆ ಐದರಿಂದ ಏಳು ದಿನ ಆದಾಗ ಮೊದಲನೆಯದು. ನಾಲ್ಕನೇ ವಾರ ಇನ್ನೊಂದು. ಎಂಟನೇ ವಾರದ ಆಸುಪಾಸು ಇದೇ ರೋಗಕ್ಕೆ ಆರ್‌ಟುಬಿ ಅನ್ನುವ ಲಸಿಕೆಯ ಇಂಜೆಕ್ಷನ್, ಅದನ್ನು ಪಶು ಆಸ್ಪತ್ರೆಯವರ ಕೈಯಲ್ಲೇ ಹಾಕಿಸಿ.

ಟಾನಿಕ್ ವಿಚಾರಕ್ಕೆ ನನ್ನ ಉತ್ತರ ಒಂದೇ: ಬೇಡ. ವಿಟಮಿನ್ ನೀರು ರಾಣಿಖೇತ್ ತಡೆಯುವುದಿಲ್ಲ. ಅರಿಶಿನ, ಬೆಳ್ಳುಳ್ಳಿಯೂ ತಡೆಯುವುದಿಲ್ಲ. ಬಂದ ಮೇಲೆ ಆಂಟಿಬಯಾಟಿಕ್ ಕೊಟ್ಟರೂ ಅದು ವೈರಸ್‌ಗೆ ನಾಟುವುದಿಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಥರ್ಮಾಸ್ ತಗೊಳ್ಳಿ.

ರೋಗ ಬಂದೇಬಿಟ್ಟರೆ ಸತ್ತ ಕೋಳಿಯನ್ನು ನಾಲೆಗೆ ಎಸೆಯಬೇಡಿ. ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಉಳಿದವನ್ನು ಗಾಬರಿಯಲ್ಲಿ ಸಂತೆಗೆ ಒಯ್ದು ಮಾರಬೇಡಿ, ಇನ್ನೊಬ್ಬರ ಮನೆಗೆ ರೋಗ ಕಳಿಸಿದ ಹಾಗಾಗುತ್ತದೆ. ಒಟ್ಟೊಟ್ಟಿಗೆ ಸಾಯತೊಡಗಿದರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಗಿತ್ತು. ಸತ್ತದ್ದು ರಾಣಿಖೇತ್‌ನಿಂದಲೋ ಹಕ್ಕಿಜ್ವರದಿಂದಲೋ ಅಂತ ಮೇಲೆ ನೋಡಿ ನಾವು ಹೇಳಲಾಗದು.

ಇನ್ನು ಮಳೆ. ಗೋವಾದ ಮಳೆ ನಮ್ಮ ಧಾರವಾಡದ ಜಿಟಿಜಿಟಿ ಅಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಎರಡು ದಿನ ನೆಂದರೆ ಸಾಕು, ಮರಿಗಳಿಗೆ ರಕ್ತಭೇದಿ ಶುರುವಾಗುತ್ತದೆ. ಒಂದು ಹಿಡಿ ಹೊಟ್ಟು ಕೈಯಲ್ಲಿ ಹಿಸುಕಿ ನೋಡಿ. ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ, ತೆಗೆದು ಹೊಸದು ಹಾಸಿ. ಉದುರಿಹೋದರೆ ಪರವಾಗಿಲ್ಲ. ಗೂಡನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಎತ್ತಿ ಕಟ್ಟಿ, ಸೂರನ್ನು ಉದ್ದ ಚಾಚಿ ಎರಚಲು ತಡೆಯಿರಿ. ಗಾಳಿ ಮಾತ್ರ ಮೇಲಿನಿಂದ ಆಡುತ್ತಿರಲಿ. ಎರಚಲಿಗೆ ಹೆದರಿ ಸುತ್ತ ಟಾರ್ಪಾಲ್ ಬಿಗಿದು ಕೋಳಿಗೆ ಉಸಿರು ಕಟ್ಟಿಸುವವರನ್ನು ನೋಡಿದ್ದೇನೆ.

ಹಾವು, ಮುಂಗುಸಿ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಅಂಗಡಿಯಲ್ಲಿ ಸಿಗುವ ಆರು ಮೂಲೆ ಕಣ್ಣಿನ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಹಾಕಿ, ಅದನ್ನು ನೆಲದವರೆಗೆ ಇಳಿಸಿ ಅಂಚನ್ನು ಒಂದು ಅಡಿ ಮಣ್ಣಲ್ಲಿ ಹೂಳಿ. ಸಂಜೆ ಉಳಿದ ಕಾಳು ಗುಡಿಸಿ ಎತ್ತಿಡಿ. ಕಾಳಿಗೆ ಇಲಿ, ಇಲಿಯ ಹಿಂದೆ ಹಾವು. ಹೆಬ್ಬಾವು ಬಂದರೆ ಕೋಲು ಹಿಡಿಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅದನ್ನು ಕೊಲ್ಲುವುದು ಅಪರಾಧ.

ಶುಕ್ರವಾರದ ಮಾಪುಸಾ ಸಂತೆಯಲ್ಲಿ ಗಾವಠಿ, ಅಂದರೆ ನಾಟಿ ಕೋಳಿ ಕಂಡು ಆಸೆಯಾಗುತ್ತದೆ, ನನಗೂ ಆಗುತ್ತದೆ. ತಂದರೆ ಎರಡು ಮೂರು ವಾರ ದೂರದಲ್ಲಿ ಬೇರೆ ಇಟ್ಟು, ಬೇರೆ ಪಾತ್ರೆಯಲ್ಲಿ ನೀರು ಕೊಟ್ಟು ನೋಡಿ, ಆಮೇಲೆ ಬೆರೆಸಿ. ಕಡಕ್‌ನಾಥ್ ಅನ್ನುವ ಕಪ್ಪು ಕೋಳಿ ತಳಿಗೆ ಮರುಳಾಗಬೇಡಿ, ವರ್ಷಕ್ಕೆ ನೂರು ಮೊಟ್ಟೆ ಕೊಟ್ಟರೆ ಅದೇ ಹೆಚ್ಚು. ಮೊಟ್ಟೆಗೆ ಹುಂಜ ಬೇಕೇ ಬೇಕು ಅಂತಿಲ್ಲ, ಬಾಡಿಗೆ ಮನೆಯಲ್ಲಿ ಬೆಳಗಿನ ಕೂಗಿಗೆ ಜಗಳ ಬೇಡ. ಸಿಪ್ಪೆ ಗಟ್ಟಿಯಾಗಲು ನೀವು ತಿಂದು ಉಳಿದ ತಿಸ್ರೆಯ (ಕಪ್ಪೆಚಿಪ್ಪು ಮೀನಿನ) ಚಿಪ್ಪನ್ನೇ ಸುಟ್ಟು ಜಜ್ಜಿ ಹಾಕಿ.

ಈಗ ಜೂನ್ ಹತ್ತಿರ ಬಂತು, ತರಬೇಡಿ. ಚೌತಿ ಮುಗಿದು ಮಳೆ ಇಳಿಯಲಿ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಹಾಗಾಗಿ ನಿಮ್ಮ ವಾಡೋದಲ್ಲಿ, ಅಂದರೆ ಕೇರಿಯಲ್ಲಿ, ಯಾರ್ಯಾರ ಮನೆಯಲ್ಲಿ ಕೋಳಿ ಇದೆ ಅಂತ ವಿಚಾರಿಸಿಕೊಳ್ಳಿ. ನಮ್ಮಲ್ಲಿ ಈಗ ಪಕ್ಕದ ಮನೆಯ ಮಾವಶಿ ದಿನ ಗೊತ್ತು ಮಾಡುತ್ತಾರೆ, ನಾನು ಸೀಸೆ ತರುತ್ತೇನೆ, ಕತ್ತಲೆ ಹರಿಯುವ ಮೊದಲೇ ಎಲ್ಲರ ಗೂಡಿಗೂ ಹೋಗಿ ಹನಿ ಹಾಕಿ ಬರುತ್ತೇವೆ. ಕೋಳಿ ಹೊರಗೆ ಬಿಟ್ಟ ಮೇಲೆ ಹಿಡಿಯಲು ಆಗುವುದಿಲ್ಲ.