ಏಪ್ರಿಲ್–ಮೇ ಮಳೆಯಲ್ಲಿ ಬೆಂಗಳೂರಿನ ಕೆರೆಗಳಿಗೆ ಹಕ್ಕಿ ನೋಡಲು ಹೋದರೆ ಏನಾದರೂ ಸಿಗುತ್ತದೆಯೇ?

ವಲಸೆ ಹಕ್ಕಿಗಳು ಮರಳಿ ಹೋದ ಮೇಲೆ, ಅದೂ ಮೋಡ ಕವಿದು ಹನಿಯುತ್ತಿರುವ ದಿನ, ಕೆರೆಗೆ ಹೋಗುವುದು ಸಾರ್ಥಕವೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಚಲುಕದ ಬಾತು, ಸೂಜಿಬಾಲದ ಬಾತುಗಳಂತಹ ಚಳಿಗಾಲದ ಅತಿಥಿಗಳು ಅಷ್ಟರಲ್ಲಿ ಬಹುಪಾಲು ಹೊರಟಿರುತ್ತವೆ, ನಿಜ. ಆದರೆ ಅಶ್ವಿನಿ, ಭರಣಿ ಮಳೆ ಬೀಳುವ ಈ ದಿನಗಳಲ್ಲೇ ಇಲ್ಲಿನ ಖಾಯಂ ನಿವಾಸಿಗಳಾದ ಎಷ್ಟೋ ನೀರಹಕ್ಕಿಗಳು ಮೈಬಣ್ಣ ಬದಲಿಸಿಕೊಂಡು ಗೂಡಿನ ಕೆಲಸಕ್ಕೆ ಅಣಿಯಾಗುತ್ತವೆ. ವರ್ಷದ ಉಳಿದ ದಿನಗಳಲ್ಲಿ ಮಣ್ಣುಬಣ್ಣದಲ್ಲಿ ದಡದ ಕೆಸರಿನೊಳಗೆ ಕರಗಿಹೋಗಿರುವ ಕೊಳದ ಬಕವನ್ನು ಈಗ ನೋಡಬೇಕು: ಬೆನ್ನಿನ ಮೇಲೆ ದಟ್ಟ ಕಂದುಗೆಂಪು ಗರಿ ಮೂಡಿರುತ್ತದೆ. ಹೊಸಬರು ಇದನ್ನು ಬೇರೆಯೇ ಹಕ್ಕಿ ಎಂದುಕೊಳ್ಳುವುದುಂಟು.

ಹೋದ ವರ್ಷ ಇಂಥದ್ದೇ ಒಂದು ಬೆಳಗ್ಗೆ ನಾನು ಜಕ್ಕೂರು ಕೆರೆಯಲ್ಲಿದ್ದೆ. ಯಲಹಂಕದ ಕಡೆಯಿಂದ ಇಳಿದುಬರುವ ನೀರು ಜಕ್ಕೂರಿಗೆ ಸೇರಿ, ಅಲ್ಲಿ ತುಂಬಿದ ಮೇಲೆ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಶುದ್ಧೀಕರಿಸಿದ ಕೊಳಚೆ ನೀರು ಕೆರೆಗೆ ಬೀಳುವ ಮೊದಲು ಜೊಂಡು ಬೆಳೆದ ಜೌಗನ್ನು ಹಾದು ಬರುವುದರಿಂದ, ಹಕ್ಕಿಗಳಿಗೆ ಬೇಕಾದ ಮರೆ ಆ ಬದಿಯಲ್ಲಿ ಧಾರಾಳವಾಗಿದೆ. ಮಳೆ ಜೋರಾದಾಗ ಏರಿಯ ಮೇಲಿದ್ದ ವಾಕಿಂಗ್‌ನವರೆಲ್ಲ ಚದುರಿದರು. ನಾನು ಕೊಡೆ ಹಿಡಿದು ನಿಂತಲ್ಲೇ ನಿಂತೆ. ಸ್ವಲ್ಪ ದೂರದಲ್ಲಿ, ಕೊಳೆತ ಜೊಂಡಿನ ಒಂದು ಚಿಕ್ಕ ಗುಪ್ಪೆಯ ಮೇಲೆ ಗುಳುಮುಳುಕವೊಂದು (ನೀರಿನಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ) ಕಾವು ಕೂತಿತ್ತು. ಮಳೆ ತೆಳುವಾಗುತ್ತಿದ್ದಂತೆ ಅದು ಎದ್ದು, ಅಕ್ಕಪಕ್ಕದ ಒದ್ದೆ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಎಳೆದು ಮೊಟ್ಟೆಗಳ ಮೇಲೆ ಹೊದಿಸಿ, ಸದ್ದಿಲ್ಲದೆ ನೀರಿಗೆ ಜಾರಿತು. ಈಗ ಅಲ್ಲಿ ಉಳಿದದ್ದು ಕಸದ ಗುಡ್ಡೆಯಂತೆ ಕಾಣುವ ಒಂದು ರಾಶಿ ಮಾತ್ರ. ಬಿಳಿಯಾಗಿರುವ ಮೊಟ್ಟೆಗಳು ದಿನ ಕಳೆದಂತೆ ಆ ಎಲೆಗಳ ಕರೆ ಹತ್ತಿ ಕಂದಾಗುವುದೂ ಹೀಗೆಯೇ. ಐದಾರು ವರ್ಷ ಕೆರೆ ಸುತ್ತಿದ್ದರೂ ಹಕ್ಕಿ ಹೀಗೆ ಮೊಟ್ಟೆ ಮುಚ್ಚುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ, ಮಳೆಯಿಂದಾಗಿ ಒಂದೇ ಕಡೆ ನಿಲ್ಲಬೇಕಾಗಿ ಬಂದದ್ದರಿಂದ.

ಆದ್ದರಿಂದ ಒಂದೇ ದಿನ ಹೆಬ್ಬಾಳ, ಮಡಿವಾಳ, ಅಗರ ಎಂದು ಮೂರು ಕೆರೆ ಮುಗಿಸುವ ಯೋಜನೆ ಹಾಕಿಕೊಳ್ಳಬೇಡಿ. ನಿಮ್ಮ ಮನೆಗೆ ಹತ್ತಿರದ ಒಂದು ಕೆರೆ ಸಾಕು. ಜೊಂಡು ಕಾಣುವಂತಹ ಒಂದು ಜಾಗದಲ್ಲಿ ಕನಿಷ್ಠ ಒಂದು ಗಂಟೆ ಕೂರಿ. 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಇದ್ದರೆ ಮೋಡದ ಮಂದ ಬೆಳಕಿಗೆ ಅನುಕೂಲ, ಒರೆಸಲು ಒಣ ಹತ್ತಿ ಬಟ್ಟೆಯೊಂದು ಜೇಬಿನಲ್ಲಿರಲಿ. ಗುಡುಗು ಕೇಳಿದ ಕೂಡಲೇ ಏರಿಯನ್ನೂ ದೊಡ್ಡ ಮರಗಳನ್ನೂ ಬಿಟ್ಟು ಕಟ್ಟಡದೊಳಗೆ ಸೇರಿಕೊಳ್ಳಿ, ಈ ಕಾಲದ ಗಾಳಿಗೆ ಕೊಂಬೆಗಳು ಮುರಿದು ಬೀಳುತ್ತವೆ. ಗೂಡು ಕಂಡರೆ ಫೋಟೋಕ್ಕಾಗಿ ದಯವಿಟ್ಟು ಹತ್ತಿರ ಹೋಗಬೇಡಿ. ನೀವು ನಿಂತಷ್ಟು ಹೊತ್ತೂ ತಾಯಿಹಕ್ಕಿ ಮೊಟ್ಟೆಯಿಂದ ದೂರವೇ ಇರುತ್ತದೆ, ಕಾಗೆಗಳು ಅದನ್ನೇ ಕಾಯುತ್ತಿರುತ್ತವೆ.

ಮಳೆ ನಿಂತ ತಕ್ಷಣ ಮನೆಗೆ ಹೊರಡಬೇಡಿ. ನೆಲದಿಂದ ರೆಕ್ಕೆಬಂದ ಗೆದ್ದಲುಗಳು ಏಳುವುದು ಆಗಲೇ, ಅವನ್ನು ಹಿಡಿಯಲು ಕಾಜಾಣ, ಕಳ್ಳಿಪೀರಗಳು ತಂತಿಯಿಂದ ತಂತಿಗೆ ಹಾರತೊಡಗುತ್ತವೆ.