ಶಾಟ್ ಹೋಲ್ ಬೋರರ್: ಸೀಳಿದರೂ ಆ ದುಂಬಿ ಯಾಕೆ ಓಡಲಿಲ್ಲ

ಅಕ್ಕ, ಫೋಟೋ ನೋಡಿದೆ. ರೊಬಸ್ಟಾ ಕಾಫಿಯ ರೆಂಬೆ ಒಣಗುತ್ತಿದೆ, ಸೀಳಿದರೆ ಒಳಗೆ ಬಿಳಿ ಮರಿಗಳು, ಜೊತೆಗೊಂದು ಕಪ್ಪು ದುಂಬಿ. ಎರಡು ಸಲ ಔಷಧಿ ಹೊಡೆದರೂ ಹೋಗಿಲ್ಲ, ಸೀಳಿದಾಗಲೂ ದುಂಬಿ ಓಡಲಿಲ್ಲ, ಯಾಕೆ ಅಂತ ಕೇಳಿದ್ದೀರಿ.

ಅದು ಶಾಟ್ ಹೋಲ್ ಬೋರರ್, ರೆಂಬೆ ಕೊರೆಯುವ ದುಂಬಿ. ಓಡದ ಆ ದುಂಬಿ ತಾಯಿ. ಔಷಧಿ ಹತ್ತದಿರುವುದಕ್ಕೂ ಅದು ಸಂಸಾರ ಸಮೇತ ಒಳಗೇ ಇರುವುದೇ ಕಾರಣ.

ಹೆಚ್ಚಿನ ಹುಳಗಳು ಮೊಟ್ಟೆ ಇಟ್ಟು ಹೋಗಿಬಿಡುತ್ತವೆ. ಅರೇಬಿಕಾದ ಬಿಳಿ ಕಾಂಡಕೊರಕ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಟ್ಟು ಹಾರಿತು ಅಂದರೆ ಮುಗಿಯಿತು. ಮೊಟ್ಟೆ ಹೊರಗೇ ಇರುವುದರಿಂದಲೇ ತೆಂಗಿನ ನಾರಿನಲ್ಲಿ ಕಾಂಡ ಉಜ್ಜಿದರೆ ಪ್ರಯೋಜನ. ಶಾಟ್ ಹೋಲ್ ಬೋರರ್ ಹಾಗಲ್ಲ. ರೆಂಬೆಯ ಅಡಿಭಾಗದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕೊರೆದು ಒಳಗೆ ಸೇರುತ್ತದೆ. ಬೆನ್ನಿನ ಸಣ್ಣ ಚೀಲದಲ್ಲಿ ಬೂಷ್ಟಿನ ಬೀಜ ತಂದಿರುತ್ತದೆ. ಅದನ್ನು ಸುರಂಗದೊಳಗೆ ಬಿತ್ತಿ ಬೆಳೆಸುತ್ತದೆ. ಮರಿಗಳು ತಿನ್ನುವುದು ಆ ಬೂಷ್ಟನ್ನು, ಮರವನ್ನಲ್ಲ. ಅದೂ ನಮ್ಮ ಹಾಗೆ ಪ್ಲಾಂಟರೇ! ಮರಿಗಳು ದೊಡ್ಡವಾಗುವ ತನಕ ತಾಯಿ ಅಲ್ಲೇ ಇರುತ್ತದೆ. ಇಂಥ ದುಂಬಿಗಳಲ್ಲಿ ತಾಯಿ ಇಲ್ಲದಿದ್ದರೆ ಬೇರೆ ಬೂಷ್ಟು ನುಗ್ಗಿ ಮರಿಗಳ ಊಟವೇ ಹಾಳಾಗುತ್ತದೆ.

ಇನ್ನು ಇದರ ಸಂಸಾರದ ಲೆಕ್ಕ ಕೇಳಿ. ಜೇನಿನ ಹಾಗೆಯೇ, ಗಂಡು ಕೂಡಿದ ಮೊಟ್ಟೆಯಿಂದ ಹೆಣ್ಣು, ಕೂಡದ ಮೊಟ್ಟೆಯಿಂದ ಗಂಡು. ಅಂದರೆ ಗಂಡಿಗೆ ಅಪ್ಪನೇ ಇಲ್ಲ. ಒಂದು ಗಂಡಿಗೆ ಸುಮಾರು ಒಂಬತ್ತು ಹೆಣ್ಣು. ಗಂಡು ಹಾರಲಾರದು. ಒಡಹುಟ್ಟಿದ ಹೆಣ್ಣುಗಳ ಜೊತೆ ಸುರಂಗದಲ್ಲೇ ಕೂಡುತ್ತದೆ. ಗಂಡು ಯಾಕಿಷ್ಟು ಕಡಿಮೆ ಅನ್ನುವುದನ್ನು ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1967ರಲ್ಲಿ ಬಿಡಿಸಿ ಹೇಳಿದರು. ಅಣ್ಣತಮ್ಮಂದಿರು ಹೊರಗೆ ಹೋಗದೆ ಅವೇ ಹೆಣ್ಣುಗಳಿಗೆ ಪೈಪೋಟಿ ಮಾಡುವುದಾದರೆ ಗಂಡು ಜಾಸ್ತಿ ಹೆತ್ತು ತಾಯಿಗೆ ಲಾಭವಿಲ್ಲ. ನಮಗೆ ತೊಂದರೆ ಎಲ್ಲಿ ಅಂದರೆ, ತೂತಿನಿಂದ ಹೊರಬರುವ ಹೆಣ್ಣು ಆಗಲೇ ಕೂಡಿ ಮುಗಿಸಿರುತ್ತದೆ. ಹೊಸ ರೆಂಬೆ ಹಿಡಿಯಲು ಒಂದೇ ಸಾಕು.

1990ರಲ್ಲಿ ತಮಿಳುನಾಡಿನ ಗೂಡಲೂರಿನಲ್ಲಿ ಮೊದಲು ಕಂಡು, ಆಮೇಲೆ ನಮ್ಮ ಕಡೆಗೂ ಬಂದ, ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಕೂಡ ಇದೇ ಮನೆತನ. ತಾಯಿ ಮಕ್ಕಳೆಲ್ಲ ಕಾಯಿಯೊಳಗೆ. ಅದಕ್ಕೇ ಕುಯ್ಲು ಮುಗಿದ ಮೇಲೆ ಉದುರಿದ ಕಾಯಿ ಹೆಕ್ಕಿಸಿ ಅಂತ ಅಷ್ಟು ಹೇಳುವುದು. ಅದರ ಗಂಡಿಗೆ ಅಪ್ಪ ಇದ್ದಾನೆ, ಆದರೆ ಅಪ್ಪನ ಕ್ರೋಮೋಸೋಮ್ ಆ ಗಂಡಿನ ಮಕ್ಕಳಿಗೆ ದಾಟುವುದೇ ಇಲ್ಲ. ವಿಚಿತ್ರ ಅಲ್ವಾ? (ಹಾಗಂತ ಎಲ್ಲ ಕಡೆ ತಾಯಿಯೇ ಸಾಕುವುದು ಅಂದುಕೊಳ್ಳಬೇಡಿ. ಗದ್ದೆ ನೀರಿನಲ್ಲಿ ಬೆನ್ನ ತುಂಬ ಮೊಟ್ಟೆ ಹೊತ್ತು ಓಡಾಡುವ ನೀರುತಿಗಣೆ ಗಂಡು.)

ಈಗ ಕೆಲಸ. ತೂತಿನಿಂದ ಎರಡು ಮೂರು ಇಂಚು ಕಾಂಡದ ಕಡೆಗೆ ಬಿಟ್ಟು ರೆಂಬೆ ಕತ್ತರಿಸಿ. ತಾಯಿ ಮನೆ ಬಿಡುವುದಿಲ್ಲ, ಸಂಸಾರ ಸಮೇತ ಸಿಗುತ್ತದೆ. ಅದೇ ದಿನ ಸುಟ್ಟುಬಿಡಿ. ನಾನು ಒಂದು ವರ್ಷ ಮಳೆ ಅಂತ ಕತ್ತರಿಸಿದ್ದನ್ನು ಸಾಲಿನಲ್ಲೇ ಬಿಟ್ಟಿದ್ದೆ. ಆಮೇಲೆ ಸೀಳಿ ನೋಡಿದರೆ ಸುರಂಗ ಖಾಲಿ! ರೆಂಬೆ ಸತ್ತರೂ ಒಳಗೆ ಬೂಷ್ಟು ಇದ್ದರೆ ಅವಕ್ಕೆ ಸಾಕು.

ಬೇಸಿಗೆಯಲ್ಲಿ ಬೇಡದ ಚಿಗುರು ತೆಗೆಸಿ. ನೆರಳು ದಟ್ಟವಿದ್ದರೆ ಮರಗಸಿ ಮಾಡಿಸಿ, ಅಂದರೆ ನೆರಳು ಮರದ ರೆಂಬೆ ಕಡಿಸಿ, ನೀರು ನಿಲ್ಲಲು ಬಿಡಬೇಡಿ. ಔಷಧಿಗೆ ಮತ್ತೆ ಸುಮ್ನೆ ದುಡ್ಡು ಹಾಕಬೇಡಿ, ಸುರಂಗದೊಳಗೆ ಅದು ಮುಟ್ಟುವುದಿಲ್ಲ. ಅನುಮಾನ ಇದ್ದರೆ ಒಂದು ತುಂಡನ್ನು ಬಾಟಲಿಯಲ್ಲಿ ಮುಚ್ಚಿ ಕೊಡಗಿನ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ತೋರಿಸಿ.

ಫೋಟೋದಲ್ಲಿರುವ ರೆಂಬೆ ಇನ್ನೂ ಅಂಗಳದಲ್ಲೇ ಬಿದ್ದಿದ್ದರೆ ಮೊದಲು ಅದನ್ನು ಒಲೆಗೆ ಹಾಕಿ.