ಮೈಟೊಕಾಂಡ್ರಿಯಾ ಡಿಎನ್‌ಎ ಒಂದನ್ನೇ ನೋಡಿ ಮೀನಿನ ತಳಿ ಶುದ್ಧ ಅನ್ನಬಹುದಾ?

ಅಮೆರಿಕದ ಮರುಭೂಮಿಯ ಕೊಳಗಳಲ್ಲಿರುವ ಪಪ್‌ಫಿಶ್ ಅನ್ನುವ ಪುಟ್ಟ ಮೀನುಗಳ ಮೈಟೊಕಾಂಡ್ರಿಯಾ ಡಿಎನ್‌ಎ ಎಲ್ಲಾ ಒಂದೇ ಥರ ಬಂದರೆ ಆ ತಳಿ ಕಲಬೆರಕೆಯಾಗಿಲ್ಲ ಅಂತಲೇ ಅರ್ಥ ಅಲ್ವಾ, ಅಂತ ಕೇಳಿದ್ದೀರಿ. ಅಲ್ಲ. ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ನಾನು ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ, ಈ ಮೀನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ.

ಮೈಟೊಕಾಂಡ್ರಿಯಾ ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ, ಅದಕ್ಕೆ ಕೋಶಕೇಂದ್ರದ ಡಿಎನ್‌ಎ ಅಲ್ಲದೆ ತನ್ನದೇ ಡಿಎನ್‌ಎ ಇದೆ. ಅದು ಬರುವುದು ತಾಯಿಯಿಂದ. ಬಳೆಯ ಹಾಗೆ ದುಂಡಗಿನ ಅಣು, ಸುಮಾರು 16,500 ಅಕ್ಷರ, 37 ಜೀನ್. ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿ ಇರುತ್ತವೆ, ಅದಕ್ಕೇ ರೆಕ್ಕೆಯ ತುದಿಯ ಒಂದು ಚೂರು ಆಲ್ಕೋಹಾಲಿನಲ್ಲಿದ್ದರೂ ಸಾಕು, ಸುಲಭವಾಗಿ ಓದಬಹುದು. ಈಗ ಹೊರಗಿನ ಜಾತಿಯ ಗಂಡು ಮೀನು ಕೊಳಕ್ಕೆ ಸೇರಿತು ಅನ್ನಿ. ಇಲ್ಲಿನ ಹೆಣ್ಣಿನ ಜೊತೆ ಕೂಡಿ ಮರಿಯಾಯಿತು. ಮರಿಯ ಮೈಟೊಕಾಂಡ್ರಿಯಾ ಪೂರ್ತಿ ಇಲ್ಲಿನದೇ, ಕೋಶಕೇಂದ್ರದ ಡಿಎನ್‌ಎ ಮಾತ್ರ ಅರ್ಧ ಹೊರಗಿನದು. ಆ ಮರಿಗಳು, ಅವುಗಳ ಮರಿಗಳು ಮತ್ತೆ ಮತ್ತೆ ಹೊರಗಿನ ಗಂಡುಗಳ ಜೊತೆಗೇ ಕೂಡುತ್ತಾ ಹೋದರೆ ಕೆಲವೇ ತಲೆಮಾರಿನಲ್ಲಿ ಮೀನು ಹೆಚ್ಚುಕಡಿಮೆ ಬೇರೆಯದೇ ಆಗಿಬಿಡುತ್ತದೆ, ಆದರೂ ಮೈಟೊಕಾಂಡ್ರಿಯಾ ಪರೀಕ್ಷೆ ಹಳೆಯ ಹೆಸರನ್ನೇ ಹೇಳುತ್ತಿರುತ್ತದೆ. ಇದು ಬರೀ ಊಹೆಯ ಮಾತಲ್ಲ. ನೆವಾಡಾದ ಡೆವಿಲ್ಸ್ ಹೋಲ್ ಪಪ್‌ಫಿಶ್ ಅನ್ನು ಕಾಪಾಡಲು ಅಂತಲೇ ಕಟ್ಟಿಸಿದ್ದ ತೊಟ್ಟಿಯೊಂದಕ್ಕೆ ಪಕ್ಕದ ಆ್ಯಶ್ ಮೆಡೋಸ್‌ನ ಇನ್ನೊಂದು ಪಪ್‌ಫಿಶ್ ನುಗ್ಗಿ, ಅಲ್ಲಿದ್ದ ಮೀನೆಲ್ಲ ಬೆರಕೆಯಾಗಿತ್ತು.

ಒಂದೇ ಥರ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ಜಾಸ್ತಿ ಕಾಡುವುದು ಅದೇ. ಮೀನಿನ ಸಂಖ್ಯೆ ಕುಸಿದಾಗ ಮೊದಲು ಸವೆಯುವುದು ಮೈಟೊಕಾಂಡ್ರಿಯಾ ವೈವಿಧ್ಯ, ಯಾಕೆಂದರೆ ಅದನ್ನು ಮುಂದಕ್ಕೆ ದಾಟಿಸುವುದು ಹೆಣ್ಣುಗಳು ಮಾತ್ರ, ಅದೂ ಅಪ್ಪ-ಅಮ್ಮ ಇಬ್ಬರಿಂದ ಜೋಡಿಯಾಗಿ ಅಲ್ಲ, ಒಂದೇ ಬಗೆಯಾಗಿ. ಡೆವಿಲ್ಸ್ ಹೋಲ್ ಅಂದರೆ ನೀರು ತುಂಬಿದ ಒಂದು ಆಳದ ಗುಹೆ, ಅಲ್ಲಿನ ನೀರು ಸುಮಾರು 33 ಡಿಗ್ರಿ ಬಿಸಿ, ಆಮ್ಲಜನಕ ಕಡಿಮೆ. ಅಂಚಿನಲ್ಲಿರುವ ಒಂದು ಆಳವಿಲ್ಲದ ಬಂಡೆಯ ಮೇಲೆಯೇ ಈ ಮೀನು ಪಾಚಿ ತಿಂದು ಮೊಟ್ಟೆ ಇಡಬೇಕು. ಸುತ್ತ ಬೇಸಾಯಕ್ಕೆ ಅಂತ ಅಂತರ್ಜಲ ಎತ್ತಿದ್ದಕ್ಕೆ ನೀರು ಇಳಿದು ಆ ಬಂಡೆಯೇ ಹೊರಗೆ ಬರತೊಡಗಿತು. ಕೊನೆಗೆ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪಂಪ್‌ಗಳಿಗೆ ಮಿತಿ ಹಾಕುವ ಆದೇಶವನ್ನು ಎತ್ತಿಹಿಡಿಯಿತು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟಾದರೂ 2013ರ ವಸಂತದ ಎಣಿಕೆಯಲ್ಲಿ ಸಿಕ್ಕಿದ್ದು 35 ಮೀನು. 2022ರಲ್ಲಿ ಬಂದ ಜೀನೋಮ್ (ಇಡೀ ಡಿಎನ್‌ಎ) ಅಧ್ಯಯನದ ಪ್ರಕಾರ ಈ ಮೀನುಗಳ ಜೀನೋಮ್ ಸರಾಸರಿ 58 ಶೇಕಡಾ ಒಂದೇ ಥರ. ಇದನ್ನು ಶುದ್ಧ ತಳಿ ಅಂತ ಸಂತೋಷಪಡುವಂತಿಲ್ಲ. ಹತ್ತಿರದ ಸಂಬಂಧದಲ್ಲೇ ಮರಿಯಾಗುತ್ತಾ ಬಂದಿರುವುದರ ಗುರುತು ಅದು.

ಹಾಗಂತ ಮೈಟೊಕಾಂಡ್ರಿಯಾ ಸುಮ್ನೆ ದಂಡ ಅಂತಲ್ಲ. ಯಾವ ಕೊಳದ ಮೀನಿಗೆ ಯಾವುದು ಹತ್ತಿರದ ನೆಂಟ ಅಂತ ತಾಯಿಯ ಕಡೆಯಿಂದ ಹುಡುಕಲು ಅದು ಒಳ್ಳೆಯ ದಾರಿ. ಸಂಗ್ರಹಾಲಯದ ಹಳೆಯ ಮಾದರಿಗಳಿಂದಲೂ ಎಷ್ಟೋ ಸಲ ಸಿಗುತ್ತದೆ.

ನೀವು ಓದಿದ ವರದಿಯಲ್ಲಿ ಮೈಕ್ರೋಸ್ಯಾಟಲೈಟ್ (ಕೋಶಕೇಂದ್ರದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳು) ಅಥವಾ ಇಡೀ ಜೀನೋಮ್ ನೋಡಿದ ಮಾತು ಇದೆಯಾ ಅಂತ ಮೊದಲು ಹುಡುಕಿ. ಅದಿಲ್ಲದೆ ಕಲಬೆರಕೆ ಇಲ್ಲ ಅಂತ ಬರೆದಿದ್ದರೆ ಅಪ್ಪನ ಕಡೆಯ ಲೆಕ್ಕವನ್ನು ಅವರು ನೋಡಿಯೇ ಇಲ್ಲ.